ಕಾಲದ ಸಮಸ್ಯೆ (ಭೌತವಿಜ್ಞಾನ)

ಕಾಲದ ಸಮಸ್ಯೆ ಎಂಬುದು ಆಧುನಿಕ ಭೌತವಿಜ್ಞಾನದಲ್ಲಿ ಇನ್ನೂ ಬಗೆಹರಿಯದಿರುವ ಒಂದು ಪ್ರಶ್ನೆ. ಕಾಲವು ಬೇರಾವುದರಿಂದಲೂ ಹುಟ್ಟದ ಮೂಲತತ್ತ್ವವೇ ಅಥವಾ ಇನ್ನೂ ಆಳದಲ್ಲಿರುವ, ಕಾಲರಹಿತವಾದ ವ್ಯವಸ್ಥೆಯೊಂದರಿಂದ ಉದ್ಭವಿಸಿದ ಗುಣವೇ ಎಂಬುದು ಇದರ ತಿರುಳು. ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಮತ್ತು ಕ್ವಾಂಟಮ್ ಸಿದ್ಧಾಂತಗಳು ಕಾಲವನ್ನು ಪರಸ್ಪರ ಹೊಂದಿಕೆಯಾಗದ ರೀತಿಯಲ್ಲಿ ಪರಿಗಣಿಸುವುದರಿಂದ ಈ ಸಮಸ್ಯೆ ತಲೆದೋರಿದೆ.

ಹಿನ್ನೆಲೆ

ಪ್ರಶ್ನೆಯು ಹೊಸದಲ್ಲ. ವೈಶೇಷಿಕ ದರ್ಶನವು ಒಂಬತ್ತು ದ್ರವ್ಯಗಳಲ್ಲಿ ಕಾಲವನ್ನೂ ಒಂದೆಂದು ಎಣಿಸಿತು. ಜೈನರಲ್ಲಿ ಈ ಕುರಿತು ಒಮ್ಮತವಿರಲಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ದಿಗಂಬರ ಪಾಠವು ಕಾಲವನ್ನು ದ್ರವ್ಯವೆಂದೇ ಹೇಳಿದರೆ, ಶ್ವೇತಾಂಬರ ಪಾಠವು ಅದನ್ನು ಕೆಲವರ ಅಭಿಪ್ರಾಯವೆಂದು ಮಾತ್ರ ದಾಖಲಿಸುತ್ತದೆ.

ಯೂರೋಪಿನಲ್ಲಿ ಐಸಾಕ್ ನ್ಯೂಟನ್ 1687ರ ತನ್ನ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ, ಜಗತ್ತಿನಲ್ಲಿ ಏನೇ ನಡೆದರೂ ನಡೆಯದಿದ್ದರೂ ಕಾಲವು ಸಮಗತಿಯಲ್ಲಿ ಹರಿಯುತ್ತದೆಯೆಂದು ಪ್ರತಿಪಾದಿಸಿದನು. ಜರ್ಮನಿಯ ಲೈಬ್ನಿಜ್ ಇದನ್ನು ಒಪ್ಪಲಿಲ್ಲ. ಆತನ ಪ್ರಕಾರ ಕಾಲವೆಂದರೆ ಘಟನೆಗಳು ಒಂದಾದ ಮೇಲೊಂದು ಬರುವ ಕ್ರಮವಷ್ಟೇ. ಘಟನೆಗಳಿಲ್ಲದಿದ್ದರೆ ಕಾಲವೂ ಇಲ್ಲ. ಕನ್ನಡದ ‘ಹೊತ್ತು’ ಎಂಬ ಪದಕ್ಕೆ ಸೂರ್ಯ ಎಂಬ ಅರ್ಥವೂ ಸಮಯ ಎಂಬ ಅರ್ಥವೂ ಇರುವುದನ್ನು ಇಲ್ಲಿ ನೆನೆಯಬಹುದು. ಹೊತ್ತು ಮುಳುಗಿತು ಎನ್ನುವಾಗ ನಾವು ಒಂದು ವಸ್ತುವಿನ ಚಲನೆಯನ್ನೇ ಕಾಲವೆಂದು ಕರೆಯುತ್ತೇವೆ. ಇದು ಲೈಬ್ನಿಜನ ನಿಲುವಿಗೆ ಹತ್ತಿರವಾದುದು.

ಸಾಪೇಕ್ಷತೆಯ ನಂತರ

1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತವು, ಎರಡು ದೂರದ ಘಟನೆಗಳು ‘ಒಂದೇ ಸಮಯದಲ್ಲಿ’ ನಡೆದವೇ ಎಂಬುದು ವೀಕ್ಷಕನ ಚಲನೆಯನ್ನು ಅವಲಂಬಿಸಿದೆಯೆಂದು ತೋರಿಸಿತು. ಹೀಗಾಗಿ ಇಡೀ ವಿಶ್ವಕ್ಕೆ ಅನ್ವಯಿಸುವ ಒಂದೇ ‘ಈಗ’ ಎಂಬುದು ಇಲ್ಲವಾಯಿತು. 1915ರ ಸಾಮಾನ್ಯ ಸಾಪೇಕ್ಷತೆಯಲ್ಲಿ ಗುರುತ್ವವೇ ಕಾಲದ ಗತಿಯನ್ನು ಬದಲಿಸುತ್ತದೆ. ಇದು ಬರಿಯ ಊಹೆಯಲ್ಲ. ಜಿಪಿಎಸ್ ಉಪಗ್ರಹಗಳಲ್ಲಿರುವ ಗಡಿಯಾರಗಳು ಭೂಮಿಯ ಮೇಲಿನವುಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡುಗಳಷ್ಟು ಮುಂದೆ ಓಡುತ್ತವೆ. ಇದನ್ನು ಸರಿಪಡಿಸದಿದ್ದರೆ ಮೊಬೈಲ್ ಫೋನು ತೋರಿಸುವ ಸ್ಥಳವು ಒಂದೇ ದಿನದಲ್ಲಿ ಹಲವು ಕಿಲೋಮೀಟರುಗಳಷ್ಟು ತಪ್ಪುತ್ತಿತ್ತು. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಕೇವಲ ಒಂದು ಅಡಿಯಷ್ಟು ಎತ್ತರದ ವ್ಯತ್ಯಾಸದಿಂದಲೂ ಎರಡು ಪರಮಾಣು ಗಡಿಯಾರಗಳ ಗತಿಯು ಭಿನ್ನವಾಗುವುದನ್ನು ಅಳೆದು ತೋರಿಸಿದರು.

ಕ್ವಾಂಟಮ್ ಸಿದ್ಧಾಂತವಾದರೋ ಇಂದಿಗೂ ನ್ಯೂಟನ್ನನ ದಾರಿಯಲ್ಲೇ ಇದೆ. 1926ರ ಶ್ರೋಡಿಂಗರ್ ಸಮೀಕರಣದಲ್ಲಿ ಕಾಲವು ಪ್ರಯೋಗದ ಹೊರಗೆ ನಿಂತು ಎಣಿಸುವ ಗಡಿಯಾರವಾಗಿದೆ. ಒಂದರಲ್ಲಿ ಕಾಲವು ನಾಟಕದ ಪಾತ್ರಧಾರಿ, ಇನ್ನೊಂದರಲ್ಲಿ ರಂಗಮಂದಿರದ ಗೋಡೆಗಡಿಯಾರ ಎನ್ನಬಹುದು.

ಕಾಲವಿಲ್ಲದ ಸಮೀಕರಣ

ಈ ಎರಡು ಸಿದ್ಧಾಂತಗಳನ್ನು ಒಂದುಗೂಡಿಸುವ ಯತ್ನದಲ್ಲಿ ಅಮೆರಿಕದ ಬ್ರೈಸ್ ಡಿವಿಟ್ 1967ರಲ್ಲಿ ಒಂದು ಸಮೀಕರಣವನ್ನು ಪ್ರಕಟಿಸಿದನು. ಜಾನ್ ವೀಲರನ ಹೆಸರನ್ನೂ ಸೇರಿಸಿ ಅದನ್ನು ವೀಲರ್-ಡಿವಿಟ್ ಸಮೀಕರಣವೆನ್ನುತ್ತಾರೆ. ಇಡೀ ವಿಶ್ವದ ಸ್ಥಿತಿಯನ್ನು ವರ್ಣಿಸಬೇಕಾದ ಆ ಸಮೀಕರಣದಲ್ಲಿ ಕಾಲವನ್ನು ಸೂಚಿಸುವ ಚಿಹ್ನೆಯೇ ಇಲ್ಲ. ಅಕ್ಷರಶಃ ಓದಿದರೆ ವಿಶ್ವದಲ್ಲಿ ಏನೂ ಬದಲಾಗುವುದಿಲ್ಲ. ಆದರೆ ಬದಲಾವಣೆಯು ನಮ್ಮ ಕಣ್ಣೆದುರಿಗೇ ಇದೆ.

1983ರಲ್ಲಿ ಡಾನ್ ಪೇಜ್ ಮತ್ತು ವಿಲಿಯಂ ವೂಟರ್ಸ್ ಇದಕ್ಕೊಂದು ಪರಿಹಾರ ಸೂಚಿಸಿದರು. ಒಟ್ಟು ವಿಶ್ವವು ನಿಶ್ಚಲವಾಗಿದ್ದರೂ ಅದರ ಒಂದು ಭಾಗವನ್ನು ಗಡಿಯಾರವಾಗಿ ಆರಿಸಿಕೊಂಡರೆ, ಉಳಿದ ಭಾಗವು ಅದಕ್ಕೆ ಹೋಲಿಸಿದಂತೆ ಬದಲಾಗುತ್ತಿರುವಂತೆ ಕಾಣುತ್ತದೆ. ಎರಡು ಭಾಗಗಳು ಕ್ವಾಂಟಮ್ ರೀತಿಯಲ್ಲಿ ಹೆಣೆದುಕೊಂಡಿರುವುದೇ ಇದಕ್ಕೆ ಕಾರಣ. 2013ರಲ್ಲಿ ಇಟಲಿಯ ಟ್ಯೂರಿನ್‌ನ ಸಂಶೋಧಕರು ಹೀಗೆ ಹೆಣೆದುಕೊಂಡ ಎರಡು ಫೋಟಾನುಗಳನ್ನು ಬಳಸಿ ಈ ಕಲ್ಪನೆಯನ್ನು ಪ್ರಾಯೋಗಿಕವಾಗಿ ನಿದರ್ಶಿಸಿದರು. ಇದು ನಿದರ್ಶನವೇ ಹೊರತು ವಿಶ್ವವೇ ಹೀಗಿದೆ ಎಂಬುದಕ್ಕೆ ಪುರಾವೆಯಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಜನಪ್ರಿಯ ಬರಹಗಳಲ್ಲಿ ಇದನ್ನು ‘ಕಾಲವೆಂಬುದು ಭ್ರಮೆ’ ಎಂದು ಬರೆಯುವುದುಂಟು. ಆದರೆ ಮೂಲಭೂತವಲ್ಲ ಎಂಬುದೂ ಇಲ್ಲವೇ ಇಲ್ಲ ಎಂಬುದೂ ಒಂದೇ ಅಲ್ಲ. ನೀರಿನ ಒಂದು ಅಣುವಿಗೆ ಬಿಸಿ ಅಥವಾ ತಂಪು ಎಂಬ ಗುಣವಿಲ್ಲ. ಕೋಟ್ಯಂತರ ಅಣುಗಳ ಒಟ್ಟು ಚಲನೆಯನ್ನು ನಾವು ತಾಪವೆನ್ನುತ್ತೇವೆ. ಹಾಗೆಂದು ಕುದಿಯುವ ನೀರು ಕೈಯನ್ನು ಸುಡದೆ ಬಿಡುವುದಿಲ್ಲ. ಕಾಲವು ಉದ್ಭವಿಸಿದ ಗುಣವೆನ್ನುವವರು ಹೇಳುವುದೂ ಇಂಥದ್ದನ್ನೇ. ಅಲೆನ್ ಕಾನ್ ಮತ್ತು ಕಾರ್ಲೊ ರೊವೆಲ್ಲಿ 1994ರಲ್ಲಿ ಮಂಡಿಸಿದ ವಾದವು ಕಾಲದ ಹರಿವನ್ನು ನೇರವಾಗಿ ವ್ಯವಸ್ಥೆಯ ಉಷ್ಣಸ್ಥಿತಿಗೇ ಜೋಡಿಸುತ್ತದೆ.

ಕಾಲದ ದಿಕ್ಕು ಬೇರೆಯೇ ಆದ ಪ್ರಶ್ನೆ. ಒಡೆದ ಮಡಕೆ ತಾನಾಗಿ ಕೂಡದಿರುವುದನ್ನು ಎಂಟ್ರೊಪಿಯ ಹೆಚ್ಚಳದಿಂದ ವಿವರಿಸುತ್ತಾರೆ.

ವಿರೋಧ

ಎಲ್ಲರೂ ಇದನ್ನು ಒಪ್ಪಿಲ್ಲ. ಲೀ ಸ್ಮೋಲಿನ್ 2013ರ ‘ಟೈಮ್ ರೀಬಾರ್ನ್’ ಕೃತಿಯಲ್ಲಿ ಕಾಲವೇ ಮೂಲಭೂತವೆಂದೂ ಪ್ರಕೃತಿಯ ನಿಯಮಗಳು ಸಹ ಕಾಲದಲ್ಲಿ ಬದಲಾಗಬಲ್ಲವೆಂದೂ ವಾದಿಸಿದ್ದಾನೆ. ‘ಉದ್ಭವಿಸುವುದು’ ಎಂಬ ಕ್ರಿಯೆಗೇ ಕಾಲ ಬೇಕಲ್ಲವೇ ಎಂಬ ಆಕ್ಷೇಪವೂ ಇದೆ. ಅದಕ್ಕೆ ಉತ್ತರವಾಗಿ, ಇಲ್ಲಿನ ಉದ್ಭವವು ಬೀಜದಿಂದ ಮರ ಬರುವಂಥದ್ದಲ್ಲ, ಎಳೆಗಳಿಂದ ಬಟ್ಟೆಯಾಗಿರುವಂಥದ್ದು ಎನ್ನುತ್ತಾರೆ. ಗುರುತ್ವದ ಕ್ವಾಂಟಮ್ ಸಿದ್ಧಾಂತವು ಪೂರ್ಣಗೊಂಡು ಪ್ರಯೋಗದಿಂದ ದೃಢಪಡದಿರುವುದರಿಂದ ಈ ಎರಡು ಪಕ್ಷಗಳ ವಾದ ಮುಂದುವರಿದಿದೆ.