ಪ್ರಾಣ ಕೊಟ್ಟು ಪ್ರಾಣ ಉಳಿಸುವ ತಂತಿ

ಮನೆಯ ದೀಪ ಫಕ್ಕನೆ ಆರಿದರೆ ‘ಫ್ಯೂಸ್ ಹೋಯಿತು’ ಎನ್ನುವುದು ನಮ್ಮಲ್ಲಿ ರೂಢಿ. ಕರೆಂಟು ಹೋಗುತ್ತದೆ, ಬಲ್ಬು ಹೋಗುತ್ತದೆ, ಒಮ್ಮೊಮ್ಮೆ ಮಾನವೂ ಹೋಗುತ್ತದೆ. ಆದರೆ ಫ್ಯೂಸ್ ಹೋಗುವ ರೀತಿಯೇ ಬೇರೆ. ಉಳಿದವು ಹೋದರೆ ನಮಗೆ ನಷ್ಟ. ಇದು ಹೋದರೆ ಮಿಕ್ಕದ್ದೆಲ್ಲ ಉಳಿಯಿತೆಂದು ತಿಳಿಯಬೇಕು. ಈ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಕರಗಿಸು, ಹೊಯ್ಯು ಎಂಬುದು ಆ ಧಾತುವಿನ ಅರ್ಥ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದು ಲೋಕದ ಜಾಣತನವಾದರೆ, ಮುರಿಯುವುದೇ ಈ ಕೋಲಿನ ಧರ್ಮ.

ಟೆಲಿಗ್ರಾಫ್ ಕಚೇರಿಗಳನ್ನು ಸಿಡಿಲಿನಿಂದ ಕಾಪಾಡಲು ತಂತಿಯ ಒಂದು ಭಾಗವನ್ನು ಬೇಕೆಂದೇ ತೆಳ್ಳಗೆ ಮಾಡಬೇಕೆಂದು 1847ರಲ್ಲಿ ಫ್ರಾನ್ಸಿನ ಬ್ರೆಗೆ ಸೂಚಿಸಿದನು. 1890ರಲ್ಲಿ ಎಡಿಸನ್ ಫ್ಯೂಸಿಗೆ ಪೇಟೆಂಟ್ ಪಡೆದನು. ಇದರ ಹಿಂದಿರುವ ತತ್ತ್ವ ಸರಳವಾದುದು. ತಂತಿಯಲ್ಲಿ ಹರಿಯುವ ವಿದ್ಯುತ್ತು ಇಮ್ಮಡಿಯಾದರೆ ಅಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ, ಮಮ್ಮಡಿಯಾದರೆ ಒಂಬತ್ತುಮಡಿ. ಆದುದರಿಂದ ಮಿತಿ ಮೀರಿದೊಡನೆ ತೆಳ್ಳನೆಯ ತಂತಿ ಕರಗಿ ದಾರಿಯನ್ನು ಕಡಿದುಬಿಡುತ್ತದೆ.

ಈ ಧರ್ಮವನ್ನು ಪಾಲಿಸುವ ಒಂದು ಪುಟ್ಟ ಜೀವ ಜಪಾನಿನ ಆಟದ ಪೆಟ್ಟಿಗೆಯೊಂದರಲ್ಲಿದೆ. 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಹೂವಿನೆಲೆಗಳನ್ನು ಮಾಡುತ್ತ ಹುಟ್ಟಿದ ನಿಂಟೆಂಡೊ ಸಂಸ್ಥೆಯು 1983ರ ಜುಲೈ 15ರಂದು ಫ್ಯಾಮಿಕಾಮ್ ಎಂಬ ವಿಡಿಯೋ ಆಟದ ಯಂತ್ರವನ್ನೂ, 1990ರ ನವೆಂಬರ್ 21ರಂದು ಅದರ ತಮ್ಮನಾದ ಸೂಪರ್ ಫ್ಯಾಮಿಕಾಮನ್ನೂ ಮಾರುಕಟ್ಟೆಗೆ ತಂದಿತು. ಎರಡರ ವಿನ್ಯಾಸದ ಮುಂದಾಳು ಮಸಾಯುಕಿ ಉಎಮುರಾ. ತಮ್ಮನ ಬೆಲೆ 25,000 ಯೆನ್. ಬೇರೆ ಬೇರೆ ಹೆಸರುಗಳಲ್ಲಿ ಲೋಕದಾದ್ಯಂತ ಸುಮಾರು 4 ಕೋಟಿ 91 ಲಕ್ಷ ಪೆಟ್ಟಿಗೆಗಳು ಮಾರಾಟವಾದವು. 1990ರ ದಶಕದಲ್ಲಿ ನಮ್ಮ ಊರುಗಳ ಟಿ.ವಿ.ಗಳ ಮುಂದೆ ಮಕ್ಕಳನ್ನು ಕಟ್ಟಿಹಾಕಿದ ‘ವಿಡಿಯೋ ಗೇಮು’ಗಳಲ್ಲಿ ಬಹಳಷ್ಟು ಆ ಅಣ್ಣನ ನಕಲುಗಳೇ.

ಈಗ ಈ ಸೋದರರಿಗೆ ವೃದ್ಧಾಪ್ಯ ಬಂದಿದೆ. 2003ರಲ್ಲಿ ಇವುಗಳ ತಯಾರಿಕೆ ನಿಂತಿತು. ಬಿಡಿಭಾಗಗಳು ಸಿಗುತ್ತಿಲ್ಲವೆಂದು 2007ರ ಅಕ್ಟೋಬರ್ 31ರ ಬಳಿಕ ಫ್ಯಾಮಿಕಾಮಿನ ದುರಸ್ತಿಯನ್ನೂ ಸಂಸ್ಥೆ ಕೈಬಿಟ್ಟಿತು. ಟೋಕಿಯೋದ ಅಕಿಹಬಾರಾದಲ್ಲಿಯೂ ಒಸಾಕಾದ ನಿಪ್ಪೊಂಬಾಶಿಯಲ್ಲಿಯೂ ಹಳೆಯ ಆಟಗಳ ಅಂಗಡಿಗಳಿವೆ. ಕೆಟ್ಟಿರಬಹುದಾದ ವಸ್ತುಗಳನ್ನು ‘ಜಂಕ್’ ಎಂಬ ಚೀಟಿ ಅಂಟಿಸಿ ಅಗ್ಗಕ್ಕೆ ಮಾರುವುದು ಅಲ್ಲಿಯ ವಾಡಿಕೆ. ಹಾಗೆ ಸತ್ತಿತೆಂದು ಮೂಲೆ ಸೇರಿದ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಬಂದಿರುವ ರೋಗ ಒಂದೇ: ಕೆಲವೇ ರೂಪಾಯಿ ಬೆಲೆಯ ಫ್ಯೂಸ್ ಕರಗಿರುವುದು.

ಅದೇಕೆ ಕರಗುತ್ತದೆ? ಸೂಪರ್ ಫ್ಯಾಮಿಕಾಮಿಗೆ ಬೇಕಾದುದು 10 ವೋಲ್ಟಿನ ಏಕಮುಖ ವಿದ್ಯುತ್ತು. ಅದರ ಅಡಾಪ್ಟರಿನ ಶಕ್ತಿ 850 ಮಿಲಿ ಆಂಪಿಯರ್. ಕೊಳವೆಯಂತಿರುವ ಪಿನ್ನಿನ ಒಳಭಾಗ ಋಣ, ಹೊರಮೈ ಧನ. ಇಂದು ಅಂಗಡಿಗಳಲ್ಲಿ ದೊರೆಯುವ ಅಡಾಪ್ಟರುಗಳಲ್ಲಿ ಬಹುಪಾಲು ಇದಕ್ಕೆ ತದ್ವಿರುದ್ಧ. ಪಿನ್ನು ಸರಿಯಾಗಿ ಕೂತಿತೆಂಬ ಒಂದೇ ಭರವಸೆಯ ಮೇಲೆ ಕೈಗೆ ಸಿಕ್ಕಿದ್ದನ್ನು ಚುಚ್ಚಿದರೆ ವಿದ್ಯುತ್ತು ಹಿಂದುಮುಂದಾಗಿ ನುಗ್ಗುತ್ತದೆ. ಇಂಥ ಹಲವು ಯಂತ್ರಗಳಲ್ಲಿ ಒಂದು ಡಯೋಡನ್ನು ಕಾವಲಿಗೆ ಅಡ್ಡಲಾಗಿ ನಿಲ್ಲಿಸಿರುತ್ತಾರೆ. ತಲೆಕೆಳಗಾದ ವಿದ್ಯುತ್ತು ಅದರ ಮೂಲಕ ಭೋರ್ಗರೆದು ಹರಿಯುತ್ತದೆ. ಆ ಕ್ಷಣದಲ್ಲಿ ಫ್ಯೂಸ್ ತನ್ನನ್ನು ಕರಗಿಸಿಕೊಂಡು ಒಳಗಿನ ಚಿಪ್ಪುಗಳನ್ನು ಉಳಿಸುತ್ತದೆ. ಜಪಾನಿನಿಂದ ಯಂತ್ರ ತರಿಸಿಕೊಂಡ ನಮ್ಮವರು ಇನ್ನೊಂದನ್ನೂ ನೆನಪಿಡಬೇಕು. ಅಲ್ಲಿಯ ಮನೆಗಳ ವಿದ್ಯುತ್ತು 100 ವೋಲ್ಟ್, ನಮ್ಮದು 230. ಅಲ್ಲಿಯ ಅಡಾಪ್ಟರನ್ನು ನಮ್ಮ ಗೋಡೆಗೆ ನೇರವಾಗಿ ಚುಚ್ಚಿದರೆ ಅದರ ಸುರುಳಿಯೇ ಸುಟ್ಟೀತು. ನಡುವೆ ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಇರಲೇಬೇಕು.

ಗುಂಡಿ ಒತ್ತಿದರೂ ಕೆಂಪು ದೀಪ ಹತ್ತದಿದ್ದರೆ ಮೊದಲು ಅನುಮಾನಿಸಬೇಕಾದುದು ಅಡಾಪ್ಟರನ್ನೇ. ಮಲ್ಟಿಮೀಟರಿನಿಂದ ಅದನ್ನು ಅಳೆಯಬೇಕು. ಹಳೆಯ ಅಡಾಪ್ಟರುಗಳು ಕೆಲಸವಿಲ್ಲದಾಗ 10ಕ್ಕಿಂತ ಹೆಚ್ಚು ವೋಲ್ಟನ್ನು ತೋರಿಸುವುದು ಸಹಜ, ಗಾಬರಿಯಾಗಬೇಕಾಗಿಲ್ಲ. ಅದು ಸರಿಯಿದ್ದರೆ ಎಲ್ಲ ತಂತಿಗಳನ್ನೂ ಕಳಚಿ ಪೆಟ್ಟಿಗೆಯನ್ನು ಬಿಚ್ಚಬೇಕು. ತಳದ ಸ್ಕ್ರೂಗಳಿಗೆ ನಮ್ಮ ಸಾಮಾನ್ಯ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ, 4.5 ಮಿಲಿಮೀಟರಿನ ವಿಶೇಷ ತಿರುಪುಳಿ ಬೇಕು. ಒಳಗಿನ ಹಲಗೆಯ ಮೇಲೆ ಅಡಾಪ್ಟರ್ ಚುಚ್ಚುವ ತೂತಿನ ಸಮೀಪದಲ್ಲಿಯೇ ‘ಎಫ್ 1’ ಎಂಬ ಗುರುತಿನ ಬಳಿ ಎರಡು ಕಾಲಿನ ಪುಟ್ಟ ವಸ್ತುವೊಂದಿದೆ. ನೋಟಕ್ಕೆ ರೆಸಿಸ್ಟರಿನಂತೆ ತೋರುವ ಅದೇ ನಮ್ಮ ಕಥಾನಾಯಕ. ಅದರ ಮಿತಿ 1.5 ಆಂಪಿಯರ್. ಮೀಟರಿನ ಎರಡು ಕಡ್ಡಿಗಳನ್ನು ಅದರ ಎರಡು ತುದಿಗೆ ತಾಗಿಸಿದಾಗ ‘ಕುಂಯ್’ ಎಂದರೆ ಜೀವವಿದೆ. ಮೌನವಾಗಿದ್ದರೆ ಪ್ರಾಣ ಹೋಗಿದೆ.

ಇಲ್ಲಿ ಅವಸರ ಸಲ್ಲದು. ಕಾವಲುಗಾರ ಸತ್ತುಬಿದ್ದಿರುವಾಗ ಹೊಸ ಕಾವಲುಗಾರನನ್ನು ನೇಮಿಸುವ ಮುನ್ನ ಕೊಂದವರು ಯಾರೆಂದು ವಿಚಾರಿಸುವುದು ವಿವೇಕ. ಫ್ಯೂಸಿನ ಆಚೆಯ ತುದಿಗೂ ಭೂಮಿಯ ಗೆರೆಗೂ ನಡುವೆ ರೋಧವನ್ನು ಅಳೆಯಬೇಕು. ಸೊನ್ನೆಯೇ ಬಂದರೆ ಒಳಗೆ ಯಾವುದೋ ಭಾಗ ಶಾರ್ಟ್ ಆಗಿದೆಯೆಂದರ್ಥ. ಅದನ್ನು ಸರಿಪಡಿಸದೆ ಹೊಸ ಫ್ಯೂಸ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ದೋಷವೇನೂ ಕಾಣದಿದ್ದರೆ ಸೋಲ್ಡರಿಂಗ್ ಐರನ್ನನ್ನು ಕಾಯಿಸಿ ಹಳೆಯ ಬೆಸುಗೆಯನ್ನು ಕರಗಿಸಿ, ಸತ್ತದ್ದನ್ನು ಎತ್ತಿ, ಅದೇ 1.5 ಆಂಪಿಯರಿನ, ಅದೇ ಬಗೆಯ ಹೊಸದನ್ನು ಕೂರಿಸಬೇಕು. ಫ್ಯೂಸಿಗೆ ದಿಕ್ಕಿಲ್ಲ, ಯಾವ ಕಾಲು ಎತ್ತ ಇದ್ದರೂ ಸರಿಯೆ. ಕಿಟಕಿ ತೆರೆದಿರಲಿ, ಬೆಸುಗೆಯ ಹೊಗೆ ಎದೆಗೆ ಹಿತವಲ್ಲ. ಬಳಿಕ ಸರಿಯಾದ ಅಡಾಪ್ಟರಿನಿಂದ ವಿದ್ಯುತ್ತು ಕೊಟ್ಟು, 7805 ಎಂಬ ಸಂಖ್ಯೆಯ ನಿಯಂತ್ರಕವು 5 ವೋಲ್ಟನ್ನು ಹೊರಗೆಡಹುತ್ತಿದೆಯೇ ಎಂದು ನೋಡಿದರೆ ಕೆಲಸ ಮುಗಿಯಿತು.

ಇಷ್ಟೆಲ್ಲ ಏಕೆ, ಒಂದು ತುಂಡು ತಂತಿಯನ್ನು ಅಡ್ಡಲಾಗಿ ಬೆಸೆದರೆ ಸಾಲದೆ ಎನ್ನುವ ಮಹನೀಯರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ನಮ್ಮ ಮನೆಗಳ ಫ್ಯೂಸ್ ಕಟ್ಟೆಗೆ ದಪ್ಪ ತಾಮ್ರದ ತಂತಿ ಸುತ್ತಿ ‘ಇನ್ನು ಹೋಗುವುದಿಲ್ಲ’ ಎಂದು ಮೀಸೆ ತಿರುವುವವರು ಇವರ ಬಂಧುಗಳೇ. ಹೌದು, ಅದು ಹೋಗುವುದಿಲ್ಲ, ಹೋಗುವುದು ಮಿಕ್ಕದ್ದೆಲ್ಲ. ಮುಂದಿನ ಸಲ ಅಡಾಪ್ಟರ್ ಅದಲುಬದಲಾದಾಗ ಕರಗುವುದು ಎಲ್ಲ ಅಂಗಡಿಗಳಲ್ಲಿ ಸಿಗುವ ಫ್ಯೂಸಲ್ಲ, ಈಗ ಯಾರೂ ತಯಾರಿಸದ ಚಿಪ್ಪು. ಮನೆಯ ಗೋಡೆಯಲ್ಲಾದರೆ ಚಿಪ್ಪಿನ ಮಾತಿರಲಿ, ಬೆಂಕಿಯೇ ಉತ್ತರ ಹೇಳುತ್ತದೆ.

ಒಂದು ಸಮಾಧಾನದ ಸಂಗತಿಯಿದೆ. ಆಟಗಾರನು ಎಲ್ಲಿಯವರೆಗೆ ಮುಟ್ಟಿದ್ದನೆಂಬ ನೆನಪನ್ನು ಈ ಯಂತ್ರ ತನ್ನೊಡಲಲ್ಲಿ ಇಟ್ಟುಕೊಳ್ಳುವುದಿಲ್ಲ. ಅನೇಕ ಆಟಗಳಲ್ಲಿ ಅದು ಕ್ಯಾಟ್ರಿಜ್ಜಿನೊಳಗೆ, ಬಿಲ್ಲೆಯಂಥ ಬ್ಯಾಟರಿಯೊಂದರ ಆಸರೆಯಲ್ಲಿ ಉಳಿದಿರುತ್ತದೆ. ಆ ಬ್ಯಾಟರಿ ಬದುಕಿರುವ ತನಕ, ಮೂವತ್ತು ವರ್ಷಗಳ ಹಿಂದೆ ಹುಡುಗನೊಬ್ಬ ಬರೆದಿಟ್ಟ ತನ್ನ ಹೆಸರು ಅಲ್ಲಿ ಹಾಗೆಯೇ ಇರಬಲ್ಲದು. ಯಂತ್ರ ಮೂಕವಾದರೆ ಅದನ್ನು ಓದುವ ಕಣ್ಣು ಮುಚ್ಚಿದಂತೆ, ಅಷ್ಟೆ. ಬೆರಳ ತುದಿಯಷ್ಟು ಫ್ಯೂಸನ್ನು ಬದಲಿಸಿದವನು ಆ ಕಣ್ಣನ್ನು ತೆರೆಸಿದವನಾಗುತ್ತಾನೆ. ಆದುದರಿಂದ ಹಳೆಯ ವಸ್ತುವೊಂದು ಉಸಿರಾಡದಿದ್ದರೆ ಅದನ್ನು ಗುಜರಿಗೆ ಸಾಗಿಸುವ ಮುನ್ನ ವಾಚಕರು ಒಮ್ಮೆ ಬಿಚ್ಚಿ ನೋಡಬೇಕು: ಸತ್ತಿರುವವನು ಮನೆಯ ಯಜಮಾನನೋ, ಅವನಿಗಾಗಿ ಬಾಗಿಲಲ್ಲಿ ಮಡಿದ ಕಾವಲುಗಾರನೋ!