ಆಪರೇಷನ್ ಟೇಬಲ್ ಮೇಲೆ ಬಿಪಿ ಏರುಪೇರು: ಮೊದಲೇ ತಿಳಿಯುವುದೇ?

ಪ್ರಶ್ನೆ: ನಮ್ಮ ಅತ್ತಿಗೆಗೆ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೊಮೊಸೈಟೋಮಾ ಗಡ್ಡೆ ಇದೆ. ಆಪರೇಷನ್ ವೇಳೆ ಬಿಪಿ ಹೆಚ್ಚುಕಡಿಮೆ ಆಗಬಹುದು ಎಂದಿದ್ದಾರೆ. ಮೊದಲೇ ಗೊತ್ತಾಗುವುದಿಲ್ಲವೇ?
– ಓದುಗರೊಬ್ಬರು, ನಾಗಪುರ

ಉತ್ತರ: ಅಪಾಯ ಎಷ್ಟಿದೆ ಎಂದು ಅಂದಾಜು ಮಾಡಬಹುದು, ಯಾವ ಕ್ಷಣಕ್ಕೆ ಎಷ್ಟು ಏರುತ್ತದೆಂದು ಹೇಳಲಾಗದು. ಈ ಗಡ್ಡೆ ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳನ್ನು ರಕ್ತಕ್ಕೆ ಸುರಿಯುತ್ತದೆ. ಸರ್ಜನ್ ಕೈ ಗಡ್ಡೆಗೆ ತಗುಲಿದರೆ ಸಾಕು, ಬಿಪಿ 200 ದಾಟಬಹುದು. ಗಡ್ಡೆಯ ರಕ್ತನಾಳ ಕಟ್ಟಿದೊಡನೆ ಅದೇ ಬಿಪಿ ದಿಢೀರನೆ ಕುಸಿಯಬಹುದು. ಅದಕ್ಕೇ ಮಣಿಕಟ್ಟಿನ ಧಮನಿಗೆ ಸಣ್ಣ ನಳಿಕೆ ಹಾಕಿ, ಪ್ರತಿ ಬಡಿತದ ಒತ್ತಡವನ್ನೂ ಅರಿವಳಿಕೆ ತಜ್ಞರು ಪರದೆಯ ಮೇಲೆ ನೋಡುತ್ತಿರುತ್ತಾರೆ.

ಗಡ್ಡೆ ದೊಡ್ಡದಿದ್ದರೆ, ಈ ಹಾರ್ಮೋನುಗಳು ಒಡೆದು ಉಂಟಾಗುವ ಮೆಟಾನೆಫ್ರಿನ್ ರಕ್ತ ಅಥವಾ ಮೂತ್ರದಲ್ಲಿ ಬಹಳ ಹೆಚ್ಚಿದ್ದರೆ, ಮಾತ್ರೆ ನುಂಗಿದರೂ ಬಿಪಿ ಹತೋಟಿಗೆ ಬರದಿದ್ದರೆ ಏರುಪೇರಿನ ಸಾಧ್ಯತೆ ಜಾಸ್ತಿ.

ನನ್ನ ದೃಷ್ಟಿಯಲ್ಲಿ ಅಂದಾಜಿಗಿಂತ ಮುಖ್ಯ, ಆಪರೇಷನ್ನಿಗೆ ಮುಂಚಿನ ಒಂದೆರಡು ವಾರದ ತಯಾರಿ. ಪ್ರಾಜೋಸಿನ್‌ನಂಥ ಆಲ್ಫಾ ಬ್ಲಾಕರ್ ಮೊದಲು. ಬೀಟಾ ಬ್ಲಾಕರ್ ಬೇಕಾದರೆ ಆಮೇಲೆ. ಈ ಕ್ರಮ ತಪ್ಪಿದರೆ ಬಿಪಿ ಅಪಾಯಕಾರಿಯಾಗಿ ಏರಬಹುದು. ಜೊತೆಗೆ ಧಾರಾಳವಾಗಿ ನೀರು, ಉಪ್ಪು. ಬಿಪಿ ಇರುವವರಿಗೆ ಉಪ್ಪು ಕೊಡುವುದೇ ಎಂದು ಮನೆಯವರು ಗಾಬರಿಯಾಗುವುದು ಸಹಜ. ಆದರೆ ಬಿಗಿದ ರಕ್ತನಾಳ ಆಲ್ಫಾ ಬ್ಲಾಕರ್ ಮಾತ್ರೆಯಿಂದ ಸಡಿಲವಾದಾಗ ಅದನ್ನು ತುಂಬಲು ದ್ರವ ಬೇಕು. ನಿಮ್ಮೂರಿನ ಮೇ ತಿಂಗಳ ಬಿಸಿಲಿನಲ್ಲಂತೂ ನೀರು ಕಡಿಮೆ ಮಾಡಲೇಬೇಡಿ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರಮಾಣವನ್ನು ಡಾಕ್ಟರೇ ಹೇಳಬೇಕು. ಎದ್ದು ನಿಂತಾಗ ತಲೆ ಸುತ್ತಿದರೆ ಅದನ್ನೂ ಅವರಿಗೆ ತಿಳಿಸಿ.