ಹಳೆಯ ಜೀಪಿನ ಬೆಲ್ಟು ಓರೆಯಾಗಿರುವುದನ್ನು ಕಂಡುಹಿಡಿಯುವ ಕ್ರಮ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಎತ್ತಿನ ಗಾಡಿಯ ಸ್ಥಾನಕ್ಕೆ ಜೀಪು ಬಂದು ಬಹುಕಾಲವಾಯಿತು. 1947ರಲ್ಲಿ ಮಹೀಂದ್ರಾ ಸಂಸ್ಥೆಯವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿದರು. ಆ ವಂಶದ ಹಳೆಯ ವಾಹನಗಳು ಇಂದಿಗೂ ಅಡಕೆಯ ಮೂಟೆಗಳನ್ನು ಮಂಡಿಗೆ ಸಾಗಿಸುವುದಕ್ಕೂ, ಗೊಬ್ಬರ ತರುವುದಕ್ಕೂ, ಅಪರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದಕ್ಕೂ ಒದಗುತ್ತಿರುವುವು. ಇವುಗಳ ಇಂಜಿನಿನ ಮುಂಭಾಗದಲ್ಲಿರತಕ್ಕ ರಬ್ಬರಿನ ಬೆಲ್ಟಿನ ವಿಷಯದಲ್ಲಿ ಗ್ರಾಮದ ಮುಖಂಡರೂ ಹಿಡುವಳಿದಾರರೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಹಳೆಯ ಜೀಪುಗಳಲ್ಲಿ ಸಾಮಾನ್ಯವಾಗಿ ಒಂದೇ ಬೆಲ್ಟು ಕ್ರ್ಯಾಂಕಿನ ರಾಟೆಯಿಂದ ಹೊರಟು ನೀರಿನ ಪಂಪು, ಫ್ಯಾನು, ಡೈನಮೊ ಇವು ಮೂರನ್ನೂ ತಿರುಗಿಸುತ್ತದೆ. ಅದು ಹರಿದರೆ ನೀರಿನ ಚಲನೆ ನಿಂತು ಇಂಜಿನು ಕೆಲವು ನಿಮಿಷಗಳಲ್ಲಿಯೇ ಅತಿಯಾಗಿ ಕಾಯುವುದು. ದೀಪಗಳು ಬ್ಯಾಟರಿಯಲ್ಲಿ ಉಳಿದ ವಿದ್ಯುತ್ತು ತೀರುವವರೆಗೆ ಮಾತ್ರ ಉರಿಯುವುವು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ಘಾಟಿಯಲ್ಲಾಗಲಿ, ಹುಲಿಕಲ್ಲಿನ ಏರಿನಲ್ಲಾಗಲಿ ರಾತ್ರಿ ಹೀಗಾದರೆ ಒದಗುವ ಕಷ್ಟವನ್ನು ಈ ಸೀಮೆಯವರಿಗೆ ಬಣ್ಣಿಸಬೇಕಾಗಿಲ್ಲ.

ಬೆಲ್ಟು ಶಬ್ದ ಮಾಡಿದೊಡನೆ ಅದನ್ನು ಬಿಗಿಮಾಡುವುದು, ಹರಿದರೆ ಹೊಸದನ್ನು ಹಾಕುವುದು, ಇಷ್ಟೇ ನಮ್ಮಲ್ಲಿ ರೂಢಿಯಾಗಿದೆ. ಆದರೆ ಹೊಸ ಬೆಲ್ಟು ಸಹ ಕೆಲವೇ ತಿಂಗಳುಗಳಲ್ಲಿ ಸವೆದುಹೋದರೆ ದೋಷವು ಬೆಲ್ಟಿನದಲ್ಲವೆಂದು ಶಂಕಿಸತಕ್ಕದ್ದು. ಮೂರು ರಾಟೆಗಳ ಗಾಡಿಗಳೂ (ಬೆಲ್ಟು ಕೂರುವ ತೋಡುಗಳು) ಒಂದೇ ಸಾಲಿನಲ್ಲಿ ಇರಬೇಕು. ಒಂದು ರಾಟೆ ಮುಂದಕ್ಕೋ ಹಿಂದಕ್ಕೋ ಸರಿದಿದ್ದರೆ, ಅಥವಾ ಓರೆಯಾಗಿ ನಿಂತಿದ್ದರೆ, ಬೆಲ್ಟು ಪ್ರತಿಯೊಂದು ಸುತ್ತಿನಲ್ಲಿಯೂ ಗಾಡಿಯ ಒಂದು ಗೋಡೆಯನ್ನು ಉಜ್ಜಿಕೊಂಡೇ ಒಳಕ್ಕೆ ಇಳಿಯುವುದು.

ಇದರ ಗುರುತುಗಳನ್ನು ಬೆಲ್ಟಿನ ಮೇಲೆಯೇ ಓದಬಹುದು. ಸಡಿಲವಾದ ಬೆಲ್ಟು ಎರಡು ಪಕ್ಕಗಳಲ್ಲಿಯೂ ಸಮವಾಗಿ ಹೊಳಪೇರಿರುತ್ತದೆ. ಓರೆಯಾದ ಬೆಲ್ಟಾದರೋ ಒಂದೇ ಪಕ್ಕದಲ್ಲಿ ಹೆಚ್ಚಾಗಿ ಸವೆದು, ಆ ಅಂಚಿನಲ್ಲಿ ನೂಲೆದ್ದಿರುವುದು. ರಾಟೆಯ ಒಂದು ಬದಿಯಲ್ಲಿ ಕರಿಯ ರಬ್ಬರಿನ ಪುಡಿ ಕೂತಿರುವುದು. ಕೆಲವು ವೇಳೆ ಬೆಲ್ಟು ಗಾಡಿಯಲ್ಲಿಯೇ ಮಗುಚಿಕೊಳ್ಳುವುದೂ ಉಂಟು. ಶಬ್ದದಲ್ಲಿಯೂ ಭೇದವಿದೆ. ಸಡಿಲವಾದುದು ವೇಗ ಹೆಚ್ಚಿಸಿದಾಗ ಉದ್ದನೆಯ ಕೀರಲು ದನಿ ತೆಗೆಯುತ್ತದೆ. ಓರೆಯಾದುದು ಹಕ್ಕಿಮರಿಯಂತೆ ತಾಳಕ್ಕೆ ಸರಿಯಾಗಿ ಚಿಲಿಪಿಲಿಗುಟ್ಟುತ್ತದೆ.

ಸಂದೇಹವಿದ್ದರೆ ನೀರಿನ ಪರೀಕ್ಷೆಯನ್ನು ಮಾಡಬಹುದು. ಇಂಜಿನು ನಿಧಾನವಾಗಿ ನಡೆಯುತ್ತಿರುವಾಗ ದೂರದಿಂದ ಬೆಲ್ಟಿನ ಮೇಲೆ ಸ್ವಲ್ಪ ನೀರನ್ನು ಚಿಮುಕಿಸಿರಿ. ಶಬ್ದವು ಹೆಚ್ಚಾದರೆ ಬೆಲ್ಟು ಸಡಿಲವಾಗಿದೆ. ಸ್ವಲ್ಪ ಹೊತ್ತು ಅಡಗಿ, ಒಣಗಿದ ಮೇಲೆ ಮತ್ತೆ ಬಂದರೆ ಪ್ರಾಯಶಃ ಸಾಲು ತಪ್ಪಿದೆ. ಮಲೆನಾಡಿನಲ್ಲಿ ಈ ಕಾರಣದಿಂದಲೇ ಒಂದು ಭ್ರಾಂತಿ ಉಂಟಾಗುತ್ತದೆ. ಬೇಸಗೆಯಲ್ಲಿ ಚಿಲಿಪಿಲಿಗುಟ್ಟುತ್ತಿದ್ದ ಬೆಲ್ಟು ಮಳೆಗಾಲದ ತೇವದಲ್ಲಿ ಮೌನವಾಗುವುದರಿಂದ ಯಜಮಾನರು ದೋಷವು ತಾನಾಗಿಯೇ ಹೋಯಿತೆಂದು ನೆಮ್ಮದಿಯಾಗಿರುತ್ತಾರೆ. ಸವೆತವು ಮಾತ್ರ ನಿಂತಿರುವುದಿಲ್ಲ. ಆದುದರಿಂದ ಈ ಪರೀಕ್ಷೆಯನ್ನು ಮುಂಗಾರಿಗೆ ಮೊದಲೇ ಮುಗಿಸುವುದು ಮೇಲು.

ಸಾಲನ್ನು ಅಳೆಯುವುದಕ್ಕೆ ನೆಟ್ಟನೆಯ ಉಕ್ಕಿನ ಪಟ್ಟಿ, ಅದಿಲ್ಲದಿದ್ದರೆ ಬಿಗಿಯಾಗಿ ಎಳೆದ ದಾರ ಸಾಕು. ಇಂಜಿನನ್ನು ನಿಲ್ಲಿಸಿ, ಬೀಗದ ಕೈಯನ್ನು ತೆಗೆದು ಜೇಬಿನಲ್ಲಿಟ್ಟುಕೊಂಡು, ಪಟ್ಟಿಯನ್ನು ಕ್ರ್ಯಾಂಕಿನ ರಾಟೆಯ ಮುಖಕ್ಕೂ ಡೈನಮೊ ರಾಟೆಯ ಮುಖಕ್ಕೂ ಅಡ್ಡಲಾಗಿ ಹಿಡಿಯಿರಿ. ಪ್ರತಿಯೊಂದು ರಾಟೆಯ ಎರಡೆರಡು ಅಂಚುಗಳೂ ಪಟ್ಟಿಯನ್ನು ಮುಟ್ಟಬೇಕು. ರಾಟೆಗಳ ಅಂಚಿನ ದಪ್ಪ ಬೇರೆಬೇರೆಯಾಗಿದ್ದರೆ ಮುಖವನ್ನು ನಂಬದೆ ಗಾಡಿಯ ನಡುವಿಗೆ ಅಳೆಯತಕ್ಕದ್ದು. ರಾಟೆಗಳ ನಡುವಣ ಒಂದು ಅಡಿ ಅಂತರಕ್ಕೆ ಅಂಗುಲದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚಿನ ವ್ಯತ್ಯಾಸ ಸಲ್ಲದು.

ವ್ಯತ್ಯಾಸ ಕಂಡರೆ ಮೊದಲು ಡೈನಮೊವನ್ನು ಹಿಡಿದಿರುವ ಬ್ರಾಕೆಟ್ಟನ್ನು ನೋಡಿರಿ. ದುರಸ್ತಿಯ ನಂತರ ಒಂದು ವಾಷರನ್ನು ಬಿಟ್ಟುಹಾಕಿರುವುದು, ಬೋಲ್ಟಿನ ರಂಧ್ರ ಸವೆದಿರುವುದು, ಡೈನಮೊವಿಗೆ ಬದಲಾಗಿ ಬೇರೆ ವಾಹನದ ಆಲ್ಟರ್ನೇಟರನ್ನು ಕೂರಿಸಿರುವುದು, ಇವೇ ಹೆಚ್ಚಿನ ಕಾರಣಗಳು. ಇಲ್ಲಿ ತಪ್ಪಿಲ್ಲದಿದ್ದರೆ ಫ್ಯಾನನ್ನು ಕೈಯಿಂದ ಹಿಂದೆಮುಂದೆ ಅಲ್ಲಾಡಿಸಬೇಕು. ಅಲ್ಲಾಟವಿದ್ದರೆ ಪಂಪಿನ ಬೇರಿಂಗು ಸವೆದಿದೆ, ಅದಕ್ಕೆ ವಾಷರಿನಿಂದ ಪರಿಹಾರವಿಲ್ಲ. ಕೊನೆಗೆ ಇಂಜಿನು ನಡೆಯುವಾಗ ಪಕ್ಕದಿಂದ ನೋಡಿದರೆ ಬಗ್ಗಿದ ರಾಟೆಯು ತೂಗಾಡುವುದು ಕಾಣುವುದು. ಹಾಗೆ ನೋಡುವಾಗ ಹೆಗಲಿನ ಶಾಲನ್ನೂ ಪಂಚೆಯ ಚುಂಗನ್ನೂ ಕಟ್ಟಿಕೊಳ್ಳದೆ ಬಗ್ಗಬಾರದು.

ಬೆಲ್ಟಿಗೆ ಸಾಬೂನು, ಮೇಣ ಅಥವಾ ಎಣ್ಣೆ ಸವರಿ ಶಬ್ದ ಅಡಗಿಸುವುದು ಶುದ್ಧ ಅವಿವೇಕ. ಎಣ್ಣೆಯಿಂದ ರಬ್ಬರು ಉಬ್ಬಿ ಕೆಡುತ್ತದೆ. ಅತಿಯಾಗಿ ಬಿಗಿಯುವುದೂ ಅಂಥದ್ದೇ. ಅದರಿಂದ ಬೇರಿಂಗು ಸವೆದು ರಾಟೆ ಇನ್ನೂ ಓರೆಯಾಗುವುದು. ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ವಾಹನದ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದೇ ಪ್ರಮಾಣ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪುಗಳಲ್ಲಿ ಇಂಜಿನು ಬೆಲ್ಟಿನಿಂದ ಪಂಪನ್ನು ತಿರುಗಿಸುವಂಥವುಗಳಿಗೂ ಈ ಪರೀಕ್ಷೆಯೇ ಅನ್ವಯಿಸುತ್ತದೆ. ತೋಟದಿಂದ ತೋಟಕ್ಕೆ ಹೊತ್ತು ಇಳಿಸುವಾಗ ಚೌಕಟ್ಟಿನ ಬೋಲ್ಟುಗಳು ಸಡಿಲವಾಗಿ ಇಂಜಿನು ಪಕ್ಕಕ್ಕೆ ಸರಿಯುತ್ತದೆ. ದ್ರಾವಣವನ್ನು ಕಲಸಿದ ದಿನವೇ ಉಪಯೋಗಿಸಬೇಕಾದುದರಿಂದ, ಮಳೆಯ ಬಿಡುವಿನಲ್ಲಿ ಬೆಲ್ಟು ಹರಿದರೆ ದ್ರಾವಣವೂ ಆಳಿನ ಕೂಲಿಯೂ ವ್ಯರ್ಥ. ದ್ರಾವಣ ಕಲಸುವುದಕ್ಕೆ ಮೊದಲು ದಾರ ಹಿಡಿದು ನೋಡಿರಿ.

ಹೊಸ ಬೆಲ್ಟನ್ನು ತೊಡಿಸುವಾಗ ಡೈನಮೊವಿನ ಬೋಲ್ಟನ್ನು ಸಡಿಲಿಸಿ ಒಳಕ್ಕೆ ತಳ್ಳಿಕೊಳ್ಳತಕ್ಕದ್ದು. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ಹುರಿಗಳು ಕಡಿದುಹೋಗುವುವು. ಮೊದಲ ಕೆಲವು ದಿನಗಳ ಓಡಾಟದಲ್ಲಿ ಬೆಲ್ಟು ಸ್ವಲ್ಪ ಹಿಗ್ಗುವುದರಿಂದ ಬಿಗಿಯನ್ನೂ ಸಾಲನ್ನೂ ಮತ್ತೊಮ್ಮೆ ನೋಡಬೇಕು.